ತೀವ್ರ ಹಿಮೋಫಿಲಿಯಾ: ವಯಸ್ಕರಲ್ಲಿ ರಕ್ತಸ್ರಾವಕ್ಕೆ ಮೊದಲೇ ಚಿಕಿತ್ಸೆ, ಆದಮೇಲೆ ಚಿಕಿತ್ಸೆ

ರಕ್ತವನ್ನು ಹೆಪ್ಪುಗಟ್ಟಿಸುವ, ಫ್ಯಾಕ್ಟರ್ ಎಂದು ಕರೆಯುವ ಪ್ರೋಟೀನುಗಳಲ್ಲಿ ಒಂದು ಹುಟ್ಟಿನಿಂದಲೇ ಕಡಿಮೆ ಇರುವುದು ಅಥವಾ ಇಲ್ಲದೇ ಇರುವುದು ಹಿಮೋಫಿಲಿಯಾ. ಕನ್ನಡ ಪತ್ರಿಕೆಗಳಲ್ಲಿ ಇದನ್ನು ಕುಸುಮ ರೋಗ ಎಂದೂ ಬರೆಯುತ್ತಾರೆ. ಎಂಟನೆಯ ಫ್ಯಾಕ್ಟರ್ ಕೊರತೆಯಾದರೆ ಹಿಮೋಫಿಲಿಯಾ ಎ, ಒಂಬತ್ತನೆಯದು ಕೊರತೆಯಾದರೆ ಬಿ. ಎರಡರ ಜೀನುಗಳೂ ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ತೀವ್ರ ರೂಪ ಬಹುಪಾಲು ಗಂಡಸರಲ್ಲೇ ಕಾಣುತ್ತದೆ. ಜೀನನ್ನು ಹೊತ್ತ ಹೆಂಗಸರಲ್ಲೂ ಕೆಲವರಿಗೆ ರಕ್ತಸ್ರಾವದ ತೊಂದರೆ ಇರುತ್ತದೆ. ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ಮನೆತನದಲ್ಲಿ ಯಾರಿಗೂ ಈ ಕಾಯಿಲೆ ಇದ್ದ ನೆನಪೇ ಇರುವುದಿಲ್ಲ. ಜೀನು ಹೊಸದಾಗಿ ಕೆಟ್ಟಿರುತ್ತದೆ.

ರಕ್ತದಲ್ಲಿ ಫ್ಯಾಕ್ಟರ್ ಮಟ್ಟ ಸಹಜದ ಶೇ 1ಕ್ಕಿಂತ ಕಡಿಮೆ ಇದ್ದರೆ ತೀವ್ರ, 1ರಿಂದ 5 ಇದ್ದರೆ ಮಧ್ಯಮ, 5ರಿಂದ 40 ಇದ್ದರೆ ಸೌಮ್ಯ. ಜನ ಸಾಮಾನ್ಯವಾಗಿ ಹೆದರುವುದು ಬ್ಲೇಡಿನ ಗಾಯಕ್ಕೆ. ಆದರೆ ತೀವ್ರ ಹಿಮೋಫಿಲಿಯಾದವರ ಬದುಕನ್ನು ಹಾಳುಮಾಡುವುದು ಹೊರಗೆ ಕಾಣದ ಸ್ರಾವ. ಏಟೂ ಬೀಳದೆ, ಕಾರಣವೂ ತಿಳಿಯದೆ ಮಂಡಿ, ಮೊಣಕೈ, ಪಾದದ ಕೀಲುಗಳ ಒಳಗೆ ರಕ್ತ ತುಂಬುತ್ತದೆ. ಮೊದಲು ಒಂದು ಬಗೆಯ ಜುಮ್ಮೆನಿಸುವಿಕೆ, ಬಿಗಿತ. ಕೆಲವು ಗಂಟೆಗಳಲ್ಲಿ ಕೀಲು ಊದಿ ಬಿಸಿಯಾಗಿ ಮಡಚಲು ಬಾರದಂತಾಗುತ್ತದೆ. ಆ ರಕ್ತದಲ್ಲಿನ ಕಬ್ಬಿಣ ಕೀಲಿನ ಒಳಪೊರೆಯನ್ನು ಕೆರಳಿಸುತ್ತದೆ. ಪೊರೆ ದಪ್ಪವಾಗಿ ಹೊಸ ರಕ್ತನಾಳಗಳಿಂದ ತುಂಬಿಕೊಳ್ಳುತ್ತದೆ, ಹಾಗಾಗಿ ಮುಂದಿನ ಸಲ ಇನ್ನೂ ಬೇಗ ರಕ್ತ ಒಸರುತ್ತದೆ. ಜೊತೆಗೇ ಮೃದ್ವಸ್ಥಿ ಸವೆಯುತ್ತಾ ಹೋಗುತ್ತದೆ. ಆರು ತಿಂಗಳೊಳಗೆ ಒಂದೇ ಕೀಲಿನಲ್ಲಿ ಮೂರು ಸಲ ತಾನಾಗಿಯೇ ರಕ್ತ ಒಸರಿದರೆ ವೈದ್ಯರು ಅದನ್ನು ಟಾರ್ಗೆಟ್ ಜಾಯಿಂಟ್ ಎನ್ನುತ್ತಾರೆ. ಕರ್ನಾಟಕದಲ್ಲಿ ಮೂವತ್ತು ದಾಟಿದ, ಚಿಕ್ಕಂದಿನಲ್ಲಿ ಸಾಕಷ್ಟು ಫ್ಯಾಕ್ಟರ್ ಕಾಣದ ತೀವ್ರ ಹಿಮೋಫಿಲಿಯಾ ರೋಗಿಯೊಬ್ಬರು ಕುಂಟದೆ ನಡೆದರೆ ಅದು ಅಪರೂಪದ ಭಾಗ್ಯ.

ಚಿಕಿತ್ಸೆಯ ದಾರಿ ಎರಡು. ರಕ್ತ ಒಸರಿದ ಮೇಲೆ ನರಕ್ಕೆ ಫ್ಯಾಕ್ಟರ್ ಹಾಕಿಸಿಕೊಳ್ಳುವುದು ಒಂದು. ಇದನ್ನು ಆನ್ ಡಿಮ್ಯಾಂಡ್ ಎನ್ನುತ್ತಾರೆ. ಒಸರಲಿ ಬಿಡಲಿ, ವಾರಕ್ಕೆ ಗೊತ್ತಾದ ದಿನಗಳಲ್ಲಿ ಹಾಕಿಸಿಕೊಂಡು ಮಟ್ಟ ಪೂರ್ತಿ ಕುಸಿಯದಂತೆ ನೋಡಿಕೊಳ್ಳುವುದು ಇನ್ನೊಂದು, ಇದು ಪ್ರೊಫಿಲ್ಯಾಕ್ಸಿಸ್. ಮಕ್ಕಳಿಗೆ ಎರಡನೆಯದೇ ಸರಿ ಎಂಬುದರಲ್ಲಿ ಈಗ ವಾದವಿಲ್ಲ. ಕೀಲು ಆಗಲೇ ಕೆಟ್ಟಿರುವ, ದುಡಿಯುವ ವಯಸ್ಸಿನ ಗಂಡಸಿನ ವಿಷಯ ಬಂದಾಗ ಮಾತ್ರ ಪ್ರಶ್ನೆ ಏಳುತ್ತದೆ: ಇನ್ನೇನು ಉಳಿದಿದೆ ಎಂದು ಇಷ್ಟು ಫ್ಯಾಕ್ಟರ್ ಖರ್ಚು ಮಾಡಬೇಕು?

ಮುಂಚಿತ ಚಿಕಿತ್ಸೆಯ ಬೇರು ಸ್ವೀಡನ್ನಿನ ಮಾಲ್ಮೋ ನಗರದಲ್ಲಿದೆ. ಮಧ್ಯಮ ತೀವ್ರತೆಯವರಲ್ಲಿ ಕೀಲುಗಳು ಅಷ್ಟಾಗಿ ಹಾಳಾಗುವುದಿಲ್ಲ ಎಂಬುದನ್ನು ಅಲ್ಲಿನ ವೈದ್ಯೆ ಇಂಗಾ ಮರೀ ನಿಲ್ಸನ್ ಗಮನಿಸಿದ್ದರು. ತೀವ್ರ ರೋಗಿಯ ಮಟ್ಟವನ್ನು ಶೇ 1ರ ಮೇಲೆ ಎತ್ತಿ ಹಿಡಿದರೆ ಅವನನ್ನೂ ಮಧ್ಯಮ ರೋಗಿಯಂತೆ ಮಾಡಬಹುದಲ್ಲವೇ ಎಂಬ ಸರಳ ತರ್ಕದಿಂದ 1958ರಲ್ಲಿ ಅವರು ಹುಡುಗರಿಗೆ ನಿಯತವಾಗಿ ಎಂಟನೆಯ ಫ್ಯಾಕ್ಟರ್ ಕೊಡಲಾರಂಭಿಸಿದರು. ಆಗ ಇದ್ದದ್ದು ಪ್ಲಾಸ್ಮಾದಿಂದ ತೆಗೆದ ಕಚ್ಚಾ ಔಷಧ. 1960ರ ದಶಕದ ಮಧ್ಯದಲ್ಲಿ ಅಮೆರಿಕದ ಜೂಡಿತ್ ಗ್ರಹಾಂ ಪೂಲ್ ಕ್ರಯೋಪ್ರೆಸಿಪಿಟೇಟ್ (ಎಂಟನೆಯ ಫ್ಯಾಕ್ಟರ್ ದಟ್ಟವಾಗಿರುವ ಪ್ಲಾಸ್ಮಾದ ಅಂಶ) ತಯಾರಿಸುವ ವಿಧಾನ ಕಂಡುಕೊಂಡರು. ನಮ್ಮ ರಕ್ತನಿಧಿಗಳು ಎಷ್ಟೋ ವರ್ಷ ಅದನ್ನೇ ನೆಚ್ಚಿಕೊಂಡಿದ್ದವು. ಆಮೇಲೆ ಪುಡಿ ರೂಪದ ಫ್ಯಾಕ್ಟರ್ ಬಂತು. ಅದರ ಜೊತೆಗೇ 1980ರ ದಶಕದಲ್ಲಿ ಎಚ್‌ಐವಿ, ಹೆಪಟೈಟಿಸ್ ಸಿ ಸೋಂಕುಗಳೂ ಬಂದು ಒಂದು ತಲೆಮಾರನ್ನೇ ಬಲಿ ತೆಗೆದುಕೊಂಡವು. 1990ರ ದಶಕದಲ್ಲಿ ಜೈವಿಕ ತಂತ್ರಜ್ಞಾನದಿಂದ ತಯಾರಾದ ಫ್ಯಾಕ್ಟರ್ ಬಳಕೆಗೆ ಬಂದ ಮೇಲೆಯೇ ನಿಯತವಾಗಿ ಚುಚ್ಚಿಸಿಕೊಳ್ಳುವ ಧೈರ್ಯ ಜಗತ್ತಿಗೆ ಮರಳಿದ್ದು.

2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಮಕ್ಕಳ ವಿಷಯವನ್ನು ಇತ್ಯರ್ಥ ಮಾಡಿತು. 65 ಗಂಡುಮಕ್ಕಳನ್ನು ಎರಡು ಗುಂಪು ಮಾಡಿ ಆರು ವರ್ಷ ವಯಸ್ಸಿನವರೆಗೆ ನೋಡಿಕೊಂಡಾಗ, ಮುಂಚಿತವಾಗಿ ಫ್ಯಾಕ್ಟರ್ ಪಡೆದವರಲ್ಲಿ ಶೇ 93 ಮಂದಿಯ ಕೀಲುಗಳು ಎಂಆರ್‌ಐಯಲ್ಲಿ ಸಹಜವಾಗಿದ್ದವು. ಸ್ರಾವವಾದಾಗ ಮಾತ್ರ ಪಡೆದವರಲ್ಲಿ ಹಾಗಿದ್ದವರು ಶೇ 55. ವಯಸ್ಕರ ಮಟ್ಟಿಗೆ ಅಂಥದ್ದೇ ಪ್ರಯತ್ನ ಸ್ಪಿನಾರ್ಟ್ ಎಂಬ ಅಧ್ಯಯನ. ಅದರಲ್ಲಿ 12ರಿಂದ 50 ವರ್ಷದ 84 ಮಂದಿ ಇದ್ದರು. ಒಂದು ಗುಂಪಿಗೆ ದೇಹತೂಕದ ಪ್ರತಿ ಕಿಲೋಗೆ 25 ಯೂನಿಟ್‌ನಂತೆ ವಾರಕ್ಕೆ ಮೂರು ಸಲ, ಇನ್ನೊಂದಕ್ಕೆ ರಕ್ತ ಒಸರಿದಾಗ ಮಾತ್ರ. 2013ರಲ್ಲಿ ಹೊರಬಿದ್ದ ಫಲಿತಾಂಶದಲ್ಲಿ ವರ್ಷಕ್ಕೆ ಸ್ರಾವಗಳ ಮಧ್ಯಾಂಕ ಮೊದಲ ಗುಂಪಿನಲ್ಲಿ ಸೊನ್ನೆ, ಎರಡನೆಯದರಲ್ಲಿ 27.9.

ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ ಹಾಸಿಗೆ ಹಿಡಿಯುವ ಮನುಷ್ಯನಿಗೂ ಎಂದೋ ಒಮ್ಮೆ ಹಿಡಿಯುವವನಿಗೂ ಇರುವ ಅಂತರ ಇದು. ಆದರೆ ಅದೇ ಅಧ್ಯಯನದ ಇನ್ನೊಂದು ಫಲಿತಾಂಶವನ್ನೂ ಹೇಳಬೇಕು. ಮೂರು ವರ್ಷದ ನಂತರ ಎಂಆರ್‌ಐ ತೆಗೆದಾಗ, ಕೀಲಿನ ರಚನೆ ಕೆಡುವ ವೇಗದಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸವೆದ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ. ವಯಸ್ಕರಲ್ಲಿ ಮುಂಚಿತ ಚಿಕಿತ್ಸೆ ಮಾಡುವುದು ಕೀಲಿನ ರಿಪೇರಿಯನ್ನಲ್ಲ. ನೋವನ್ನು, ಕೆಲಸ ತಪ್ಪುವುದನ್ನು, ಮಿದುಳಿನಲ್ಲಿ ಅಥವಾ ಸೊಂಟದ ಆಳದ ಸ್ನಾಯುವಿನಲ್ಲಿ ಆಗಬಹುದಾದ ಅಪಾಯಕರ ಸ್ರಾವವನ್ನು ಅದು ತಗ್ಗಿಸುತ್ತದೆ. ಯುರೋಪಿನಲ್ಲಿ ಕೆಲವು ಯುವಕರು ತಾವಾಗಿಯೇ ನಿಯತ ಇಂಜೆಕ್ಷನ್ ಬಿಟ್ಟು ವರ್ಷಗಟ್ಟಲೆ ಚೆನ್ನಾಗಿದ್ದ ಉದಾಹರಣೆಗಳೂ ಇವೆ. ಹಾಗಾಗಿ ಎಲ್ಲ ವಯಸ್ಕರಿಗೂ ಒಂದೇ ಡೋಸ್ ಎಂಬ ಮಾತು ನಿಲ್ಲುವುದಿಲ್ಲ. ವಿಶ್ವ ಹಿಮೋಫಿಲಿಯಾ ಒಕ್ಕೂಟದ 2020ರ ಮಾರ್ಗಸೂಚಿ ಈ ಚರ್ಚೆಯನ್ನೆಲ್ಲ ತೂಗಿ ನೋಡಿ, ತೀವ್ರ ರೋಗಿಗಳಿಗೆ ಮುಂಚಿತ ಚಿಕಿತ್ಸೆಯೇ ಮಾನದಂಡ, ಸ್ರಾವವಾದಾಗ ಮಾತ್ರ ಕೊಡುವುದನ್ನು ದೀರ್ಘಕಾಲದ ಆಯ್ಕೆಯಾಗಿ ಪರಿಗಣಿಸಬಾರದು ಎಂದು ಸ್ಪಷ್ಟವಾಗಿ ಬರೆಯಿತು. ಆ ಮಾರ್ಗಸೂಚಿಯ ಮೊದಲ ಲೇಖಕರು ಆಗ ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ (ಸಿಎಂಸಿ) ಇದ್ದ ಡಾ. ಅಲೋಕ್ ಶ್ರೀವಾಸ್ತವ.

ಡೋಸಿನ ಲೆಕ್ಕ ತಿಳಿದರೆ ಈ ವಾದದ ಅರ್ಧ ತಿಳಿದಂತೆ. ಎಂಟನೆಯ ಫ್ಯಾಕ್ಟರ್ ಕಿಲೋಗೆ ಒಂದು ಯೂನಿಟ್ ಕೊಟ್ಟರೆ ರಕ್ತದ ಮಟ್ಟ ಶೇ 2ರಷ್ಟು ಏರುತ್ತದೆ, ಸುಮಾರು 12 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಕಿಲೋಗೆ 10 ಯೂನಿಟ್ ಹಾಕಿಸಿಕೊಂಡವನ ಮಟ್ಟ ಆಗ ಶೇ 20. ಮರುದಿನ ಅದೇ ಹೊತ್ತಿಗೆ 5. ಎರಡು ದಿನಕ್ಕೆ 1ರ ಆಸುಪಾಸು. ಒಂಬತ್ತನೆಯ ಫ್ಯಾಕ್ಟರ್ ಇನ್ನಷ್ಟು ಹೊತ್ತು ಉಳಿಯುತ್ತದೆ, ಆದ್ದರಿಂದ ಬಿ ರೋಗಿಗಳಿಗೆ ಇಂಜೆಕ್ಷನ್ ನಡುವಿನ ಅಂತರ ಹೆಚ್ಚು. ಶ್ರೀಮಂತ ದೇಶಗಳು ದಿನ ಬಿಟ್ಟು ದಿನ 25ರಿಂದ 40 ಯೂನಿಟ್ ಕೊಡುತ್ತವೆ. ಭಾರತದಂಥ ದೇಶಗಳಿಗೆ ಮಾರ್ಗಸೂಚಿ ಒಪ್ಪುವ ಕಡಿಮೆ ಡೋಸ್ ಎಂದರೆ ವಾರಕ್ಕೆ ಎರಡು ಮೂರು ಸಲ 10ರಿಂದ 15 ಯೂನಿಟ್.

60 ಕಿಲೋ ತೂಕದ ಕಾರ್ಮಿಕನನ್ನು ತೆಗೆದುಕೊಳ್ಳೋಣ. ಸ್ಪಿನಾರ್ಟ್‌ನ ಡೋಸ್ ಕೊಟ್ಟರೆ ಅವನಿಗೆ ವರ್ಷಕ್ಕೆ 2,34,000 ಯೂನಿಟ್ ಬೇಕು. ಸರಕಾರಿ ವ್ಯವಸ್ಥೆ ಇದನ್ನು ಕಂಡು ಬೆಚ್ಚಿದರೆ ಆಶ್ಚರ್ಯವಿಲ್ಲ. ಕಿಲೋಗೆ 10ರಂತೆ ವಾರಕ್ಕೆ ಎರಡು ಸಲವಾದರೆ 62,400 ಯೂನಿಟ್. ಈಗ ಮುಂಚಿತ ಚಿಕಿತ್ಸೆಯೇ ಇಲ್ಲದೆ ಅವನಿಗೆ ವರ್ಷಕ್ಕೆ 28 ಸಲ ರಕ್ತ ಒಸರಿತು, ಪ್ರತಿ ಸಲವೂ ಕಿಲೋಗೆ 20ರಂತೆ ಎರಡು ಡೋಸ್ ಕೊಟ್ಟರು ಎಂದಿಟ್ಟುಕೊಳ್ಳಿ: 67,200 ಯೂನಿಟ್. ಕಡಿಮೆ ಡೋಸಿನಲ್ಲೂ ನಡುನಡುವೆ ಸ್ರಾವವಾಗುವುದುಂಟು, ಅದಕ್ಕೆ ಬೇರೆ ಫ್ಯಾಕ್ಟರ್ ಬೇಕು. ಆ ಖರ್ಚನ್ನು ಸೇರಿಸಿದರೂ ಎರಡು ದಾರಿಗಳ ವೆಚ್ಚದ ನಡುವೆ ಜನ ಊಹಿಸುವಷ್ಟು ಅಂತರವಿಲ್ಲ. ಒಂದರಲ್ಲಿ ಅದೇ ಔಷಧ ಊದಿದ ಕೀಲಿಗೆ ಹೋಗುತ್ತದೆ, ಇನ್ನೊಂದರಲ್ಲಿ ಊದದಂತೆ ಕಾಯುತ್ತದೆ.

ಬೆಂಗಳೂರಿನ ಹೊರವಲಯದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಗಂಡಸರು ಸುಮಾರು 50 ಲಕ್ಷ. ಆರು ದೇಶಗಳ ರೋಗಿಪಟ್ಟಿಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಂದಾಜಿನಂತೆ ಲಕ್ಷ ಗಂಡಸರಿಗೆ ಆರು ಮಂದಿ ತೀವ್ರ ಎ ರೋಗಿಗಳು, ಒಬ್ಬರಿಗಿಂತ ತುಸು ಹೆಚ್ಚು ತೀವ್ರ ಬಿ ರೋಗಿಗಳು. ಅದೇ ಪ್ರಮಾಣ ಇಲ್ಲಿಗೂ ಹೊಂದಿದರೆ ಆ ಜಿಲ್ಲೆಯಲ್ಲೇ ಮುನ್ನೂರೈವತ್ತರಷ್ಟು ತೀವ್ರ ರೋಗಿಗಳಿರಬೇಕು. ನಗರ ಅಲ್ಲಿಂದೀಚೆಗೆ ಬಹಳ ಬೆಳೆದಿದೆ. ಬೆಳೆದಿರುವುದು ಹೆಚ್ಚಾಗಿ ಅಂಚಿನಲ್ಲಿ: 1970ರ ದಶಕದಲ್ಲಿ ತಲೆ ಎತ್ತಿದ ಪೀಣ್ಯದ ಲೇತ್, ಸಿಎನ್‌ಸಿ ಶೆಡ್‌ಗಳ ಸುತ್ತ, ಅದೇ ದಶಕದ ಕೊನೆಗೆ ರಾಜ್ಯ ಸರಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಆರ್. ಕೆ. ಬಾಳಿಗರ ಕನಸಿನಿಂದ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳಲ್ಲಿ ಹುಟ್ಟಿದ ಎಲೆಕ್ಟ್ರಾನಿಕ್ ಸಿಟಿಯ ಸುತ್ತ. 1990ರ ದಶಕದಲ್ಲಿ ಐಟಿಪಿಎಲ್ ಟೆಕ್ ಪಾರ್ಕ್ ಬಂದ ಮೇಲೆ ಚಹರೆ ಬದಲಾದ ವೈಟ್‌ಫೀಲ್ಡ್ ಸುತ್ತ.

ಕೀಲಿನ ಸ್ರಾವಕ್ಕೆ ಆದಷ್ಟೂ ಎರಡು ಗಂಟೆಯೊಳಗೆ ಫ್ಯಾಕ್ಟರ್ ಬೀಳಬೇಕು ಎಂಬುದು ವೈದ್ಯರ ಹಳೆಯ ನಿಯಮ. ಆನ್ ಡಿಮ್ಯಾಂಡ್ ಪದ್ಧತಿ ನಿಂತಿರುವುದೇ ಈ ಎರಡು ಗಂಟೆಯ ಮೇಲೆ. ಸಂಜೆ ಆರಕ್ಕೆ ವೈಟ್‌ಫೀಲ್ಡಿನ ಕಚೇರಿಯಲ್ಲಿ ಮಂಡಿ ಬಿಗಿಯಾಗತೊಡಗಿದವನು ಬಾಸ್‌ಗೆ ಹೇಳಿ, ಕ್ಯಾಬ್ ಹಿಡಿದು, ಮಾರತ್ತಹಳ್ಳಿ, ಸಿಲ್ಕ್ ಬೋರ್ಡ್ ದಾಟಿ, ಆಸ್ಪತ್ರೆಯ ತುರ್ತು ವಿಭಾಗದಲ್ಲಿ ತನ್ನ ಕಾಯಿಲೆ ಏನೆಂದು ವಿವರಿಸಿ, ವಾಯಲ್ ಬರುವವರೆಗೆ ಕಾಯುವಷ್ಟರಲ್ಲಿ ಆ ಅವಧಿ ಎಂದೋ ಮೀರಿರುತ್ತದೆ. ಮೆಟ್ರೊ ಈಗ ಈ ಮೂರೂ ಪ್ರದೇಶಗಳನ್ನು ಮುಟ್ಟಿದೆ: ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡ್‌ನಿಂದ ನೇರ ಮಾರ್ಗ 2023ರ ಅಕ್ಟೋಬರಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ 2025ರ ಆಗಸ್ಟಿನಲ್ಲಿ. ಪೀಣ್ಯದವನು ಹಸಿರು ಮಾರ್ಗದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದರೆ ವಿಕ್ಟೋರಿಯಾ ಆಸ್ಪತ್ರೆ ಪಕ್ಕದಲ್ಲೇ. ಕಾಯಿಲೆ ಇಲ್ಲದವನಿಗೆ ಇದು ಸುಲಭದ ದಾರಿ. ಊದಿದ ಮಂಡಿ ಹೊತ್ತವನಿಗೆ ನಿಲ್ದಾಣದ ಮೆಟ್ಟಿಲು, ಸಂಜೆಯ ನೂಕುನುಗ್ಗಲು ಎರಡೂ ಶಿಕ್ಷೆ. ಕೋರಮಂಗಲದ ಸೇಂಟ್ ಜಾನ್ಸ್, ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿ ಮುಂತಾದ ಕಡೆ ರಕ್ತರೋಗ ತಜ್ಞರಿದ್ದಾರೆ. ಆದರೆ ರಾತ್ರಿ ಪಾಳಿಯವನ ಕೀಲು ಒಪಿಡಿ ವೇಳೆ ನೋಡಿ ಊದುವುದಿಲ್ಲ.

ಹೀಗೆ ನೋಡಿದರೆ ಬೆಂಗಳೂರಿನ ಅಂಚಿನಲ್ಲಿ ದುಡಿಯುವವನಿಗೆ ‘ಬೇಕಾದಾಗ ಚಿಕಿತ್ಸೆ’ ಎಂದರೆ ಬಹುತೇಕ ‘ತಡವಾಗಿ ಚಿಕಿತ್ಸೆ’. ಸ್ವೀಡನ್ನಿನ ಪ್ರಯೋಗಗಳನ್ನೆಲ್ಲ ಬದಿಗಿಟ್ಟರೂ, ಈ ಊರಿನ ದೂರವೊಂದೇ ಮುಂಚಿತ ಚಿಕಿತ್ಸೆಯ ಪರವಾಗಿ ಸಾಕಷ್ಟು ಬಲವಾದ ಕಾರಣ.

ಮನೆಯಲ್ಲೇ ಚುಚ್ಚಿಕೊಳ್ಳಲು ಕಲಿತರೆ ಈ ಕಷ್ಟ ಬಹಳ ಇಳಿಯುತ್ತದೆ. ವಯಸ್ಕರ ನರಗಳು ಮಕ್ಕಳದಕ್ಕಿಂತ ಚೆನ್ನಾಗಿ ಸಿಗುತ್ತವೆ; ನಾಲ್ಕಾರು ಸಲ ನರ್ಸ್ ಎದುರು ಅಭ್ಯಾಸ ಮಾಡಿದವರು ತಾವೇ ಹಾಕಿಕೊಳ್ಳಬಲ್ಲರು. ಫ್ಯಾಕ್ಟರನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಸ್ವಲ್ಪ ಕಾಲ ಹೊರಗಿಟ್ಟರೂ ನಡೆಯುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಪಿಜಿಯಲ್ಲಿ ಇಪ್ಪತ್ತು ಹುಡುಗರಿಗೆ ಒಂದೇ ಫ್ರಿಜ್ ಇರುವಲ್ಲಿ ಇದು ಸಣ್ಣ ಮಾತಲ್ಲ. ಸಿರಿಂಜು ಕಂಡ ಮಾಲೀಕರ ಅನುಮಾನ ಬೇರೆ. ಡೋಸಿನ ಹೊತ್ತೂ ಮುಖ್ಯ. ಹಾಕಿಕೊಂಡ ಮೊದಲ ಕೆಲವು ಗಂಟೆಗಳಲ್ಲೇ ಮಟ್ಟ ಹೆಚ್ಚಿರುವುದರಿಂದ ಮಲಗುವ ಮುಂಚೆ ಹಾಕಿಕೊಂಡರೆ ರಕ್ಷಣೆಯ ಹೊತ್ತು ನಿದ್ದೆಯಲ್ಲಿ ಕಳೆಯುತ್ತದೆ. ಲೇತ್ ಮುಂದೆ ಎಂಟು ಗಂಟೆ ನಿಲ್ಲುವವನು ಪಾಳಿಗೆ ಹೊರಡುವ ಮುಂಚೆ, ಪಾಳಿ ಬದಲಾದರೆ ಬದಲಾದ ಹೊತ್ತಿಗೆ, ಹಾಕಿಕೊಳ್ಳಬೇಕು. ಸ್ರಾವದ ದಿನಾಂಕ, ಕೀಲು, ಡೋಸ್ ಬರೆದಿಡುವ ಪುಸ್ತಕ ಇದ್ದರೆ ವೈದ್ಯರು ಆರು ತಿಂಗಳಿಗೊಮ್ಮೆ ಡೋಸ್ ತಿದ್ದಬಹುದು. ಫಿಸಿಯೋಥೆರಪಿ ಜೊತೆಗಿಲ್ಲದಿದ್ದರೆ ಫ್ಯಾಕ್ಟರ್ ಮಾಡಿದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ನೋವಿಗೆ ಆಸ್ಪಿರಿನ್ ನುಂಗುವುದು, ಸ್ನಾಯುವಿಗೆ ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದು ಎರಡೂ ನಿಷಿದ್ಧ. ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಈ ಒಂದು ಸಾಲು ಬರೆದು ಅಂಟಿಸಿದ್ದರೂ ಎಷ್ಟೋ ಉಪಕಾರ.

ದುಡ್ಡಿನ ವಿಷಯದಲ್ಲಿ ಪೀಣ್ಯ ಒಂದು ಲೋಕ, ವೈಟ್‌ಫೀಲ್ಡ್ ಇನ್ನೊಂದು. ಪೀಣ್ಯದ ಕಾರ್ಮಿಕನಿಗೆ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಇದೆ. ವಿಮೆ ಮಾಡಿಸಿದವನಿಗೂ ಕುಟುಂಬಕ್ಕೂ ವೈದ್ಯಕೀಯ ಸೌಲಭ್ಯ ಅದರಡಿ ಬರುತ್ತದೆ. 2017ರ ಜನವರಿಯಲ್ಲಿ ಜಾರಿಯಾದ ಸಂಬಳದ ಮಿತಿ 21,000 ರೂಪಾಯಿ, ಅಂಗವಿಕಲರಿಗೆ 25,000. ಮಿತಿ ದಾಟಿದವನು ಆ ಅರ್ಧವರ್ಷದ ವಂತಿಗೆ ಅವಧಿ ಮುಗಿದ ಮೇಲೆ ಯೋಜನೆಯಿಂದ ಹೊರಬೀಳುತ್ತಾನೆ. ಸಾಮಾನ್ಯ ಕಾರ್ಮಿಕನಿಗೆ ಸಂಬಳ ಏರುವುದು ಸಂತೋಷ. ತೀವ್ರ ಹಿಮೋಫಿಲಿಯಾದವನಿಗೆ ಅದು ಲೆಕ್ಕ ಹಾಕಿ ಒಪ್ಪಬೇಕಾದ ಸಂಗತಿ. ಐಟಿ ಕಂಪನಿಯ ಗುಂಪು ವಿಮೆ ಹಳೆಯ ಕಾಯಿಲೆಯನ್ನು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ, ಆದರೆ ದುಡ್ಡು ಕೊಡುವುದು ಹೆಚ್ಚಾಗಿ ಆಸ್ಪತ್ರೆಗೆ ಸೇರಿದಾಗ. ಮನೆಯಲ್ಲಿ ಹಾಕಿಕೊಳ್ಳುವ ಫ್ಯಾಕ್ಟರಿಗೆ ಅಲ್ಲಿ ಜಾಗವಿರುವುದು ಕಡಿಮೆ. ಅಂದರೆ ಈ ವಿಮೆಗಳ ನಿಯಮವೇ ಕೀಲು ಊದುವವರೆಗೆ ಕಾಯಲು ಹೇಳುತ್ತದೆ. ಹಳೆಯ ಆದಾಯ ತೆರಿಗೆ ಪದ್ಧತಿಯ ವಿನಾಯಿತಿಗಳಲ್ಲಿ ಹಿಮೋಫಿಲಿಯಾ ಚಿಕಿತ್ಸೆಯೂ ಸೇರಿದೆ, 40,000 ರೂಪಾಯಿವರೆಗೆ; ವರ್ಷದ ಫ್ಯಾಕ್ಟರ್ ಖರ್ಚಿನ ಮುಂದೆ ಅದು ಏನೂ ಅಲ್ಲ. ಹಾಗಾಗಿ ಕೈತುಂಬ ಸಂಬಳದ ಎಂಜಿನಿಯರ್ ಕೂಡ ಕೊನೆಗೆ ಸರಕಾರ ಉಚಿತವಾಗಿ ಕೊಡುವ ಫ್ಯಾಕ್ಟರಿಗಾಗಿ ಸಾಲಿನಲ್ಲಿ ನಿಲ್ಲುತ್ತಾನೆ.

ಕಾನೂನಿನಲ್ಲಿ ಇನ್ನೂ ನೋಯಿಸುವ ಒಂದು ಮಾತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳಲ್ಲಿ ಹಿಮೋಫಿಲಿಯಾವನ್ನೂ ಸೇರಿಸಿತು. ಯುಡಿಐಡಿ ಎಂಬ ಅಂಗವೈಕಲ್ಯದ ಗುರುತಿನ ಕಾರ್ಡ್ ಸಿಗುತ್ತದೆ, ಸಮಾನ ಅವಕಾಶದ ನೀತಿಯನ್ನು ಖಾಸಗಿ ಸಂಸ್ಥೆಗಳೂ ಪ್ರಕಟಿಸಬೇಕು. ಆದರೆ ಸರಕಾರಿ ಉದ್ಯೋಗ ಮೀಸಲಾತಿಯ 34ನೆಯ ಕಲಮಿನ ಪಟ್ಟಿಯಲ್ಲಿ ರಕ್ತದ ಕಾಯಿಲೆಗಳಿಲ್ಲ, ಚಲನಾ ವೈಕಲ್ಯವಿದೆ. ಕೀಲು ಉಳಿಸಿಕೊಂಡವನಿಗೆ ಮೀಸಲಾತಿ ಇಲ್ಲ, ಕೀಲು ಕಳೆದುಕೊಂಡು ಕುಂಟುವವನು ಆ ದಾರಿಯಲ್ಲಿ ಅರ್ಹನಾಗಬಹುದು. ಕಾಯಿಲೆಯನ್ನು ಒಪ್ಪಿಕೊಂಡ ಕಾಯ್ದೆ ಅದನ್ನು ತಡೆದವನ ಕೈ ಬಿಟ್ಟಿರುವುದು ಅನ್ಯಾಯ, ತಿದ್ದಲೇಬೇಕಾದದ್ದು.

ಕರ್ನಾಟಕದಲ್ಲಿ ರೋಗಿಗಳು ಸಂಘಟಿತರಾದದ್ದು ಬೆಂಗಳೂರಿಗಿಂತ ದಾವಣಗೆರೆಯಿಂದ ಹೆಚ್ಚು. ಸ್ವತಃ ಹಿಮೋಫಿಲಿಯಾ ಇರುವ ರೋಗಶಾಸ್ತ್ರಜ್ಞ ಡಾ. ಸುರೇಶ್ ಹನಗವಾಡಿ ಅವರ ನೇತೃತ್ವದ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಅಲ್ಲಿ ಚಿಕಿತ್ಸೆ, ತರಬೇತಿ, ಸರಕಾರದೊಡನೆ ಮಾತುಕತೆ ಎಲ್ಲವನ್ನೂ ನಡೆಸಿಕೊಂಡು ಬಂದಿದೆ. ದೇಶದ ಮಟ್ಟದಲ್ಲಿ ಅಶೋಕ್ ಬಹಾದುರ್ ವರ್ಮಾ 1983ರಲ್ಲಿ ಕಟ್ಟಿದ ಹಿಮೋಫಿಲಿಯಾ ಫೆಡರೇಷನ್ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಇಂದು ಉಚಿತ ಫ್ಯಾಕ್ಟರ್ ಸಿಗುತ್ತಿದ್ದರೆ ಅದರ ಹಿಂದೆ ಇಂಥ ಸಂಘಟನೆಗಳ ವರ್ಷಗಳ ಒತ್ತಾಯವಿದೆ. ಫ್ಯಾಕ್ಟರ್ ಎಂಟು, ಒಂಬತ್ತು ಎರಡೂ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿವೆ.

ನರಕ್ಕೆ ಚುಚ್ಚುವ ಗೋಜನ್ನೇ ತಪ್ಪಿಸಿದ ಔಷಧ ಎಮಿಸಿಝುಮ್ಯಾಬ್. ಎಂಟನೆಯ ಫ್ಯಾಕ್ಟರ್ ಮಾಡುವ ಕೆಲಸವನ್ನು ತಾನು ಮಾಡುವ ಈ ಪ್ರತಿಕಾಯವನ್ನು ಚರ್ಮದ ಅಡಿಗೆ, ವಾರಕ್ಕೊಮ್ಮೆಯಿಂದ ನಾಲ್ಕು ವಾರಕ್ಕೊಮ್ಮೆವರೆಗೆ ಕೊಡಬಹುದು. ತೀವ್ರ ಎ ರೋಗಿಗಳಲ್ಲಿ ಹಲವರ ದೇಹ ಫ್ಯಾಕ್ಟರನ್ನೇ ಶತ್ರುವೆಂದು ಬಗೆದು ಇನ್‌ಹಿಬಿಟರ್ ಬೆಳೆಸಿಕೊಳ್ಳುತ್ತದೆ. ಅವರಿಗೂ ಇದು ಕೆಲಸ ಮಾಡುತ್ತದೆ. 2018ರಲ್ಲಿ ಪ್ರಕಟವಾದ ಹೇವನ್ 3 ಅಧ್ಯಯನದಲ್ಲಿ 12 ವರ್ಷ ಮೇಲ್ಪಟ್ಟವರಿದ್ದರು. ವಾರಕ್ಕೊಮ್ಮೆ ಪಡೆದವರಲ್ಲಿ ಚಿಕಿತ್ಸೆ ಬೇಡಿದ ಸ್ರಾವಗಳು ವರ್ಷಕ್ಕೆ 1.5, ಮುಂಚಿತ ಚಿಕಿತ್ಸೆಯೇ ಇಲ್ಲದವರಲ್ಲಿ 38.2. ಪಾಳಿ ಬದಲಾಗುತ್ತಾ ಇರುವ, ಪಿಜಿಯಲ್ಲಿ ಬದುಕುವ, ನರ ಸಿಗದ ವಯಸ್ಕನಿಗೆ ಇದು ಚೆನ್ನಾಗಿ ಹೊಂದುವ ಚಿಕಿತ್ಸೆ. ಬಿ ರೋಗಿಗಳಿಗೆ ಮಾತ್ರ ಇದರಿಂದ ಉಪಯೋಗವಿಲ್ಲ. ದೊಡ್ಡ ಏಟು ಬಿದ್ದಾಗ, ಶಸ್ತ್ರಚಿಕಿತ್ಸೆಯಲ್ಲಿ ಫ್ಯಾಕ್ಟರ್ ಬೇಕೇ ಬೇಕು. ಬೆಲೆ ದೊಡ್ಡ ಅಡ್ಡಿ. ಕೇರಳ ತನ್ನ ಆಶಾಧಾರಾ ಯೋಜನೆಯಡಿ 18 ವರ್ಷದೊಳಗಿನವರಿಗೆ ಇದನ್ನು ಕೊಡಲು 2024ರಲ್ಲಿ ನಿರ್ಧರಿಸಿತು. ಕಾಸರಗೋಡಿನ ಕನ್ನಡದ ಮಕ್ಕಳೂ ಅದರ ವ್ಯಾಪ್ತಿಗೆ ಬರುತ್ತಾರೆ. ಹದಿನೆಂಟು ದಾಟಿದವರು ಅಲ್ಲೂ ಹೊರಗೇ ಉಳಿದರು. ಮಕ್ಕಳಿಗೆ ಮೊದಲ ಸರದಿ ಸಿಗಬೇಕಾದದ್ದು ಸರಿಯೇ. ಆದರೆ ಚಿಕ್ಕಂದಿನಲ್ಲಿ ಫ್ಯಾಕ್ಟರೇ ಕಾಣದೆ ಬೆಳೆದ ತಲೆಮಾರೇ ಇಂದು ಸಂಸಾರ ಹೊತ್ತು ದುಡಿಯುತ್ತಿದೆ, ಅವರ ಸರದಿ ಯಾವಾಗ ಎಂಬುದನ್ನು ಯೋಜನೆಗಳು ಹೇಳಬೇಕು.

ವಯಸ್ಕರಿಂದಲೇ ಶುರುವಾಗಿರುವ ಚಿಕಿತ್ಸೆ ಎಂದರೆ ಜೀನ್ ಥೆರಪಿ. ಪಾಶ್ಚಾತ್ಯ ದೇಶಗಳಲ್ಲಿ ಎ ಮತ್ತು ಬಿ ಎರಡಕ್ಕೂ 2022ರಿಂದೀಚೆಗೆ ಇದಕ್ಕೆ ಅನುಮತಿ ಸಿಕ್ಕಿದೆ. ಅಲ್ಲಿ ವೈರಸ್ಸನ್ನು ವಾಹಕವಾಗಿಸಿ ಜೀನನ್ನು ಯಕೃತ್ತಿಗೆ ತಲುಪಿಸುತ್ತಾರೆ. ವೆಲ್ಲೂರಿನ ಸಿಎಂಸಿ ಬೇರೆ ದಾರಿ ಹಿಡಿಯಿತು: ರೋಗಿಯದೇ ಕಾಂಡಕೋಶಗಳನ್ನು ತೆಗೆದು, ಎಂಟನೆಯ ಫ್ಯಾಕ್ಟರಿನ ಜೀನನ್ನು ಪ್ರಯೋಗಾಲಯದಲ್ಲಿ ಸೇರಿಸಿ, ಕೀಮೊಥೆರಪಿ ಕೊಟ್ಟು ಅಸ್ಥಿಮಜ್ಜೆಯಲ್ಲಿ ಜಾಗ ಮಾಡಿ, ಕೋಶಗಳನ್ನು ಮರಳಿ ದೇಹಕ್ಕೆ ಬಿಡುವುದು. 2024ರ ಡಿಸೆಂಬರಿನಲ್ಲಿ ಪ್ರಕಟವಾದ ವರದಿಯಂತೆ ತೀವ್ರ ಎ ಇದ್ದ ಐವರು ವಯಸ್ಕರಿಗೆ ಇದನ್ನು ಕೊಡಲಾಯಿತು, ಎಲ್ಲರದನ್ನೂ ಕೂಡಿಸಿದರೆ 81 ತಿಂಗಳ ಅವಧಿಯಲ್ಲಿ ಯಾರಿಗೂ ರಕ್ತ ಒಸರಲಿಲ್ಲ. ಐವರ ಅನುಭವ ಚಿಕ್ಕದು, ಕೀಮೊಥೆರಪಿಗೆ ಅದರದೇ ಅಪಾಯಗಳಿವೆ, ಹಾಗಾಗಿ ಇದಿನ್ನೂ ಪ್ರಯೋಗದ ಹಂತದಲ್ಲಿದೆ. ಅದು ಎಲ್ಲರಿಗೂ ತಲುಪುವವರೆಗೆ ಪೀಣ್ಯ, ಬೊಮ್ಮಸಂದ್ರ, ವೈಟ್‌ಫೀಲ್ಡುಗಳ ರೋಗಿಗಳಿಗೆ ಬೇಕಿರುವುದು ವಾರಕ್ಕೆ ಎರಡು ಸಲದ ವಾಯಲ್, ಅದನ್ನು ತಾವಾಗಿಯೇ ಹಾಕಿಕೊಳ್ಳುವ ತರಬೇತಿ, ತಿಂಗಳಿಗಾಗುವಷ್ಟನ್ನು ಒಮ್ಮೆಗೇ ಮನೆಗೆ ಕೊಟ್ಟು ಕಳಿಸುವ ಒಂದು ಹತ್ತಿರದ ಕೇಂದ್ರ.